ಹಸುವಿನ ಊಟದ ಮೇಲೆ ಕಾಲಿಟ್ಟ ದಿನ

ಆ ಬೆಳಿಗ್ಗೆ ನಮ್ಮ ಹಾಲಿನಾಕೆ ಒಂದು ಕೈಯಲ್ಲಿ ಕ್ಯಾನು, ಇನ್ನೊಂದು ಕೈಯಲ್ಲಿ ಗಂಟು ಹಾಕಿದ ಪ್ಲಾಸ್ಟಿಕ್ ಚೀಲ ಹಿಡಿದು ಮೆಟ್ಟಿಲು ಹತ್ತಿ ಬಂದಳು. ಹಾಲು ಅಳೆದು ಹಾಕುವ ಮೊದಲೇ ಚೀಲ ಬಿಚ್ಚಿ ನನ್ನ ಮೂಗಿನ ಹತ್ತಿರ ತಂದಳು.

"ಮೂಸಿ ನೋಡಿ ಬಹೂಜಿ. ನೀವು ಓದಿದವರು. ಇದಕ್ಕೆ ಏನಾಗಿದೆ, ಹೇಳಿ."

ಒಳಗೆ ಕತ್ತರಿಸಿದ ಜೋಳದ ದಂಟು, ಎಲೆ. ಹಸಿರು ಎಂಬುದು ಎಲ್ಲೂ ಇರಲಿಲ್ಲ. ಕಪ್ಪು, ಕಪ್ಪಿನ ಮೇಲೆ ಹತ್ತಿಯ ಎಳೆಯಂಥ ಬಿಳಿ ಬೂಷ್ಟು. ವಾಸನೆ ಹಳೆಯ ಗೋಣಿಚೀಲದ್ದು, ಅದರ ಹಿಂದೆ ಸ್ವಲ್ಪ ಸುಟ್ಟ ಬೆಲ್ಲದ್ದು. ಕೈ ಹಾಕಿದರೆ ಬಿಸಿ. ಚಳಿಗಾಲ ಆಗಷ್ಟೇ ಮುಗಿದಿತ್ತು. ನದಿಯ ಆಚೆಯಿಂದ ಇಷ್ಟು ದೂರ ಸೈಕಲ್ಲಿನ ಮೇಲೆ ಬಂದರೂ ಅದು ಜ್ವರ ಬಂದ ಮಗುವಿನ ಹಣೆಯ ಹಾಗೆ ಬೆಚ್ಚಗಿತ್ತು. ನಾನು ಕೈ ಹಿಂದೆಗೆದುಕೊಂಡೆ.

"ಇಡೀ ಗುಂಡಿ ಹೀಗೇ ಆಗಿದೆ," ಎಂದಳು. ಆಮೇಲೆ ಏನೂ ಆಗದವಳ ಹಾಗೆ ಹಾಲು ಅಳೆಯತೊಡಗಿದಳು. ಅಳತೆಯ ಪಾತ್ರೆ ಮಾತ್ರ ಎರಡು ಸಲ ಕ್ಯಾನಿನ ಅಂಚಿಗೆ ತಾಕಿ ಸದ್ದು ಮಾಡಿತು. ಅವಳ ಕೈ ಎಂದೂ ಹಾಗೆ ತಪ್ಪಿದ್ದನ್ನು ನಾನು ಕಂಡಿರಲಿಲ್ಲ.

ನಾವಿರುವುದು ಗಂಗೆಯ ದಡದ ಶಿವಾಲದಲ್ಲಿ. ದಕ್ಷಿಣದಿಂದ ಬರುವ ಯಾತ್ರಿಕರಿಗೆ ಗಂಗಾಪೂಜೆ, ಶ್ರಾದ್ಧ ಮಾಡಿಸುವುದು ನಮ್ಮ ಮಾವನವರ ಕೆಲಸ, ಅವರ ತಂದೆಯದೂ ಅದೇ. ನಾನು ಧಾರವಾಡದ ಕಾನ್ವೆಂಟಿನಲ್ಲಿ ಓದಿ, ಮದುವೆಯಾಗಿ ಇಲ್ಲಿಗೆ ಬಂದು ಇಪ್ಪತ್ತು ವರ್ಷ ದಾಟಿತು. ಬಂದ ಹೊಸತರಲ್ಲಿ ನನಗೆ ಹಿಂದಿ ಬರುತ್ತಿತ್ತು, ಆದರೆ ಅದು ಪಾಠದ ಹಿಂದಿ. ಗಲ್ಲಿಯ ಹಿಂದಿ, ಅದರೊಳಗಿನ ಭೋಜಪುರಿ, ಇವೆರಡನ್ನೂ ನನಗೆ ಕಲಿಸಿದವಳು ಈ ಹಾಲಿನಾಕೆ. ಆಗ ಅವಳ ಹಸುಗಳು ನಮ್ಮ ಹಿಂದಿನ ಗಲ್ಲಿಯಲ್ಲೇ ಇದ್ದವು. ನಮ್ಮ ಅಡುಗೆಮನೆಯ ಕಿಟಕಿಯಿಂದ ತರಕಾರಿ ಸಿಪ್ಪೆ ಕೆಳಗೆ ಬಿಟ್ಟರೆ ಸೀದಾ ಹಸುವಿನ ಬಾಯಿಗೆ. ಆಮೇಲೆ ಊರಿನೊಳಗೆ ದನ ಕಟ್ಟಲು ಜಾಗವಿಲ್ಲದಂತಾಗಿ, ಅವರು ಗಂಗೆಯ ಆಚೆ ದಡದ ರಾಮನಗರ ದಾಟಿ, ಗಂಡನ ಪಾಲಿಗೆ ಬಂದ ಹೊಲದ ಅಂಚಿಗೆ ಕೊಟ್ಟಿಗೆ ಸಾಗಿಸಿದರು.

ಗಲ್ಲಿಯಲ್ಲಿದ್ದಾಗ ಹಸುಗಳು ಮನೆಮನೆಯ ಸಿಪ್ಪೆ, ಕೊಂಡ ಒಣಹುಲ್ಲು ತಿಂದು ಬದುಕಿದ್ದವು. ಹೊಲಕ್ಕೆ ಹೋದ ಮೇಲೆ ಹಸಿರು ಸಿಕ್ಕಿತು. ಆದರೆ ಹಸಿರಿಗೆ ಋತು ಇದೆ. ಮಳೆಗಾಲ ಮುಗಿಯುವಾಗ ಜೋಳ ತಲೆಯೆತ್ತರ ನಿಂತಿರುತ್ತದೆ. ಹೋಳಿ ಕಳೆದು ಬಿಸಿಗಾಳಿ ಬೀಸತೊಡಗಿದರೆ ಒಂದು ಹಿಡಿ ಎಳೆಯದೂ ಇಲ್ಲ. ಆ ಬೇಸಿಗೆಗೆಂದೇ ಅವಳು ಫೋನಿನಲ್ಲಿ ನೋಡಿ ಕಲಿತು ರಸಮೇವು ಮಾಡಿದ್ದಳು. ಹಸಿ ಜೋಳವನ್ನು ಕಾಳು ಹಾಲು ಕಟ್ಟಿದಾಗಲೇ ಕೊಯ್ದು, ಸಣ್ಣಗೆ ಕತ್ತರಿಸಿ, ಗುಂಡಿಯಲ್ಲಿ ತುಂಬಿ, ಗಾಳಿಯಾಡದಂತೆ ಮುಚ್ಚಿಬಿಡುವುದು. ಒಳಗೆ ಅದು ಹುಳಿಯುತ್ತದೆ. ಹುಳಿತದ್ದು ತಿಂಗಳುಗಟ್ಟಲೆ ಕೆಡುವುದಿಲ್ಲ. "ಹಸುಗಳಿಗೆ ಉಪ್ಪಿನಕಾಯಿ ಹಾಕ್ತಿದ್ದೇನೆ ಬಹೂಜಿ" ಎಂದು ಅವಳು ನನ್ನ ಮುಂದೆ ನಕ್ಕಿದ್ದಳು.

ಮರುದಿನ ನಾನು ಅವಳ ಹೊಲಕ್ಕೆ ಹೋದೆ. ಯಾಕೆ ಹೋದೆನೋ ಗೊತ್ತಿಲ್ಲ. ಆ ಬಿಸಿ ನನ್ನ ಕೈಯಲ್ಲೇ ಉಳಿದಿತ್ತು ಅನ್ನಿಸುತ್ತದೆ.

ಗುಂಡಿ ದೊಡ್ಡದೇನಲ್ಲ. ನಮ್ಮ ನಡುಮನೆಯಷ್ಟು ಉದ್ದ, ಅದರ ಅರ್ಧ ಅಗಲ, ನಾನು ಇಳಿದು ನಿಂತರೆ ತಲೆ ಮುಚ್ಚುವಷ್ಟು ಆಳ. ಮೇವನ್ನು ಅದುಮಲು ಟ್ರ್ಯಾಕ್ಟರು ಇಳಿಯುವಂತಿರಲಿಲ್ಲ. ಗೋಡೆಗೆ ಇಟ್ಟಿಗೆ ಕಟ್ಟಿಸಿದ್ದಳು. ತೆರೆದ ಬಾಯಿಂದ ಸಣ್ಣಗೆ ಹಬೆ ಏಳುತ್ತಿತ್ತು. ಗುಂಡಿಯ ಪಕ್ಕದ ಹಗ್ಗದ ಮಂಚದ ಮೇಲೆ ಅವಳ ಮಾವ ಕುಳಿತಿದ್ದರು. ಸುತ್ತಲಿನವರೆಲ್ಲ ಅವರನ್ನು ದಾದಾ ಎನ್ನುತ್ತಾರೆ; ಯಾವ ಮನೆಯ ಸೊಸೆಯಾದರೂ ಅವರಿಗೆ ದುಲ್ಹಿನ್. ಹೆಗಲ ಮೇಲೆ ಕೆಂಪು ಗಮಛಾ, ಮೊಣಕಾಲ ನಡುವೆ ಕೋಲು. ನನ್ನನ್ನು ನೋಡಿ ಕಣ್ಣು ತಗ್ಗಿಸಿದರು. ಆ ಕಪ್ಪು ಮೇವನ್ನು ತಿಂದ ಎರಡು ಹಸುಗಳು ಮಲಗಿದ್ದವು, ಎದ್ದಿರಲಿಲ್ಲ.

"ತುಂಬುವಾಗ ತುಳಿದಿರಾ?" ಎಂದು ನಾನು ಕೇಳಿದೆ. ರಸಮೇವಿನ ಬಗ್ಗೆ ನನಗೆ ಏನೂ ತಿಳಿಯದು. ಆದರೆ ನಮ್ಮ ಅತ್ತೆಯವರು ಹೊಸ ಹುಣಸೆಹಣ್ಣು ಭರಣಿಗೆ ತುಂಬುವುದನ್ನು ನೋಡಿದವಳು. ಊರ ಕಡೆಯಿಂದ ಬರುವ ಯಾತ್ರಿಕರು ನಮಗೆ ಹುಣಸೆಹಣ್ಣು ತಂದುಕೊಡುತ್ತಾರೆ, ಇಲ್ಲಿ ಅಂಥದ್ದು ಸಿಗುವುದಿಲ್ಲ ಎಂದು. ಅತ್ತೆ ಅದಕ್ಕೆ ಉಪ್ಪು ಬೆರೆಸಿ, ಮುಷ್ಟಿ ಕಟ್ಟಿ, ಭರಣಿಯ ಗೋಡೆಗುಂಟ ಒತ್ತಿ ಒತ್ತಿ ತುಂಬುತ್ತಿದ್ದರು. ಅವರ ಬೆರಳ ಗೆಣ್ಣು ಕೆಂಪಾಗುತ್ತಿತ್ತು. ಒಂದು ವರ್ಷ ನಾನು ಅವಸರದಲ್ಲಿ ಸಡಿಲಾಗಿ ತುಂಬಿದ್ದ ಭರಣಿಯಲ್ಲಿ ಆಷಾಢಕ್ಕೆ ಹುಳು ಬಿದ್ದಿತ್ತು.

ಹಾಲಿನಾಕೆ ತನ್ನ ಮಾವನ ಕಡೆ ಕಣ್ಣು ಹಾಯಿಸಿದಳು. ಉತ್ತರಿಸಿದವರು ದಾದಾ.

"ತುಳಿಯುವುದೇ? ನಿಮ್ಮ ತಟ್ಟೆಯ ಮೇಲೆ ಯಾರಾದರೂ ನಡೆದುಹೋದರೆ ನೀವು ಊಟ ಮಾಡ್ತೀರಾ ದುಲ್ಹಿನ್? ಇದು ಗೋಮಾತೆಯ ತಟ್ಟೆ. ಅವಳು ಉಂಡಿಲ್ಲ, ನಾವು ಕಾಲಿಡುವುದೇ?"

ಆಗ ನನಗೆ ಆದದ್ದೆಲ್ಲ ತಿಳಿಯಿತು. ಮನೆಮಂದಿಯೆಲ್ಲ ನಾಲ್ಕು ದಿನ ಗುಂಡಿಯ ಅಂಚಿನಲ್ಲಿ ಹೊಟ್ಟೆಯ ಮೇಲೆ ಮಲಗಿ, ಕೈ ಇಳಿಬಿಟ್ಟು, ಅಂಗೈಯಿಂದ ಮೇವನ್ನು ತಟ್ಟಿದ್ದರಂತೆ. ಕೈಗೆಟುಕದ ಕಡೆ ಬಿದಿರಿನ ತುದಿಗೆ ಹಲಗೆ ಕಟ್ಟಿ ತಟ್ಟಿದರಂತೆ. ಸೊಸೆ ಫೋನು ತೋರಿಸಿ, ತುಳಿಯಬೇಕಂತೆ ಬಾಬೂಜಿ ಎಂದು ಎಷ್ಟು ಹೇಳಿದರೂ ದಾದಾ ಕೋಲು ಹಿಡಿದು ಕಾವಲು ಕೂತಿದ್ದರು. ಒಂದು ಕಾಲೂ ಒಳಗೆ ಇಳಿಯಲಿಲ್ಲ. ತಟ್ಟಿದ ಮೇವಿನೊಳಗೆ ಗಾಳಿ ಉಳಿಯಿತು. ಗಾಳಿ ಒಳಗೆ ಇದ್ದುಕೊಂಡು ಬಿಸಿಯಾಯಿತು, ಬೂಷ್ಟಾಯಿತು. ಅಷ್ಟು ಭಕ್ತಿಯಿಂದ ಕೊಳೆಸಿದ ಮೇವನ್ನು ನಾನು ಬೇರೆಲ್ಲೂ ಕಂಡಿಲ್ಲ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಗುಂಡಿಯ ಮೇಲ್ಪದರದಲ್ಲಿ ಇನ್ನೂ ಅಂಗೈಗಳ ಗುರುತುಗಳಿದ್ದವು.

ಮಲಗಿದ್ದ ಎರಡೂ ಹಸುಗಳು ಹೇಗೋ ಎದ್ದು ನಿಂತವು. ಆದರೆ ಆ ಬೇಸಿಗೆಯಲ್ಲಿ ಮೇವಿಲ್ಲದೆ ಮೂರು ಹಸುಗಳನ್ನು ಮಾರಬೇಕಾಯಿತು. ಮಿರ್ಜಾಪುರದ ಕಡೆಯ ದನದ ವ್ಯಾಪಾರಿ ಪ್ರತಿವರ್ಷ ಹೋಳಿಯ ನಂತರ ಬರುತ್ತಾನೆ. ಗಾಡಿ ಹೊರಟಾಗ ಹಾಲಿನಾಕೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳಂತೆ. ಉಳಿದವು ಐದು. ಗಂಡ ಖಂಡಿತವಾಗಿ ಹೇಳಿಬಿಟ್ಟ: ಇನ್ನೊಂದು ವರ್ಷ ನೋಡುತ್ತೇನೆ, ಮುಂದಿನ ಗುಂಡಿಯೂ ಕೊಳೆತರೆ ಐದನ್ನೂ ಅದೇ ಗಾಡಿಗೆ ಹತ್ತಿಸಿ, ಹೊಲವನ್ನು ಗುತ್ತಿಗೆಗೆ ಕೊಟ್ಟು, ನಾನು ಟೋಟೋ ರಿಕ್ಷಾ ಓಡಿಸುತ್ತೇನೆ.

"ಐದೂ ನನ್ನ ಕೈಯಲ್ಲೇ ಹುಟ್ಟಿದವು ಬಹೂಜಿ," ಎಂದಳು ನನ್ನ ಅಡುಗೆಮನೆಯ ಹೊಸ್ತಿಲಲ್ಲಿ ಕೂತು. "ನೀವು ಪಂಡಿತ್‌ಜೀ ಹತ್ತಿರ ಕೇಳಿ ಕೊಡಿ. ತುಳಿದರೆ ಪಾಪವಿಲ್ಲ ಅಂತ ಒಂದು ಮಾತು ಅವರ ಬಾಯಿಂದ ಬರಲಿ. ನನ್ನ ಮಾವ ನನ್ನ ಮಾತು ಕೇಳುವವರಲ್ಲ. ಫೋನಿನದ್ದಂತೂ ಕೇಳುವವರೇ ಅಲ್ಲ."

ನಮ್ಮ ಮಾವನವರನ್ನು ಕೇಳಿದೆ. ಅವರು ಜಗುಲಿಯ ಮೇಲೆ ದರ್ಭೆ ಬಿಡಿಸುತ್ತಿದ್ದರು. ಕೈಯಲ್ಲಿದ್ದ ಕಟ್ಟು ಮುಗಿಸಿದರು.

"ಶಾಸ್ತ್ರದಾಗ ಇಂಥಾ ಮೇವಿನ ಸುದ್ದಿನೇ ಇಲ್ಲವಾ," ಎಂದರು ಕೊನೆಗೆ. "ಇದ್ದದ್ದು ಕೇಳಿದ್ರ ಹೇಳಬಹುದು. ಇಲ್ಲದ್ದು ಹೇಳಿದ್ರ ಅದು ನನ್ನ ಮಾತಾಗ್ತದ, ಶಾಸ್ತ್ರದ್ದಲ್ಲ. ಮತ್ತ ಖರೇ ಹೇಳಬೇಕಂದ್ರ, ಆ ಮುದುಕನ ಮಾತು ನನಗೂ ಖರೇ ಅನ್ನಸ್ತದ. ಎಲಿ ಮ್ಯಾಗಿಂದು ಒಂದು ಅಗಳು ಬಿದ್ರ ನಾನು ದಾಟಿ ಹೋಗಾಂವ."

ಅದು ನಿಜ. ಊಟದ ನಂತರ ಅವರು ನೆಲ ನೋಡಿಕೊಂಡು ಕೊಕ್ಕರೆಯ ಹಾಗೆ ಕಾಲೆತ್ತಿ ನಡೆಯುವುದನ್ನು ಕಂಡು ನನ್ನ ಮಗಳು ನಗುತ್ತಾಳೆ. ನಾನು ಹಾಲಿನಾಕೆಗೆ ಏನು ಹೇಳಲಿ? "ಕೇಳಿದೆ, ಯೋಚಿಸುತ್ತಿದ್ದಾರೆ" ಎಂದೆ. ಅವಳು ತಲೆಯಾಡಿಸಿದಳು. ಮಳೆಗಾಲ ಕಳೆಯುವವರೆಗೂ ಪ್ರತಿ ಬೆಳಿಗ್ಗೆ ಹಾಲು ಹಾಕಿ, ಒಳಗೆ ಇಣುಕಿ, "ಇನ್ನೂ ಯೋಚಿಸ್ತಿದ್ದಾರಾ?" ಎಂದು ಕೇಳಿ ಹೋಗುತ್ತಿದ್ದಳು. ಅದು ಕುಶಾಲೋ ಕೊರಗೋ ನನಗೆ ತಿಳಿಯುತ್ತಿರಲಿಲ್ಲ.

ಕಾರ್ತಿಕ ಬಂತು. ಜೋಳ ಕೊಯ್ಯುವ ಹೊತ್ತಿಗೆ ನಮ್ಮ ಮನೆಯ ಮೇಲಿನ ಅಂತಸ್ತಿನಲ್ಲಿ ಹಾವೇರಿಯ ಕಡೆಯ ಹಳ್ಳಿಯೊಂದರ ಹನ್ನೆರಡು ಹೆಂಗಸರು ಇಳಿದುಕೊಂಡಿದ್ದರು. ಎಲ್ಲರೂ ಹೊಲದಲ್ಲಿ ಕೆಲಸ ಮಾಡುವವರು. ಅವರು ಬಂದರೆ ಮನೆಯೆಲ್ಲ ಕನ್ನಡವಾಗುತ್ತದೆ. ಮೆಟ್ಟಿಲ ಮೇಲೆ ಬಳೆಯ ಸದ್ದು, ಸಾಲಾಗಿ ಒಣಗುವ ಇಳಕಲ್ ಸೀರೆ. ಗೋದೌಲಿಯಾದ ಜನಜಂಗುಳಿಯಲ್ಲಿ ಒಬ್ಬರ ಸೆರಗಿಗೆ ಇನ್ನೊಬ್ಬರ ಸೆರಗು ಗಂಟು ಹಾಕಿಕೊಂಡು ನಡೆದದ್ದನ್ನು ಹೇಳಿ ತಾವೇ ನಗುತ್ತಿದ್ದರು. ಅವರ ಹಿರಿಯಳು ದೊಡ್ಡ ಕುಂಕುಮದ, ಗಡುಸು ದನಿಯ ಹೆಂಗಸು. ಅವಳನ್ನು ಉಳಿದವರೆಲ್ಲ ಅಮ್ಮಾರು ಎನ್ನುತ್ತಿದ್ದರು. ಪೂಜೆ ಮುಗಿದ ದಿನ ಗೋಗ್ರಾಸ ಕೊಡಬೇಕು ಎಂದಳು. ಹಸುವಿಗೆ ಕೈಯಾರೆ ಒಂದು ತುತ್ತು.

"ಇಲ್ಲಿ ಬೀದಿ ದನಕ್ಕ ಬ್ಯಾಡ್ರಿ. ಮನೀ ದನಾ ತೋರಸ್ರಿ."

ಮಾವನವರು ಅವರನ್ನು ಹಾಲಿನಾಕೆಯ ಕೊಟ್ಟಿಗೆಗೇ ಕರೆದುಕೊಂಡು ಹೊರಟರು. ಗುಂಡಿ ತುಂಬುವುದು ಅದೇ ದಿನ ಎಂದು ಅವರಿಗೆ ನೆನಪಿತ್ತೋ ಇಲ್ಲವೋ. ನಾನು ಕೇಳಲಿಲ್ಲ. ಮೂರು ಟೋಟೋ ಮಾಡಿಕೊಂಡು, ಸಾಮ್ನೆ ಘಾಟಿನ ಸೇತುವೆ ದಾಟಿ ಹೋದೆವು.

ಅಲ್ಲಿ ಕತ್ತರಿಸುವ ಯಂತ್ರ ಬೆಳಗಿನಿಂದ ಓಡುತ್ತಿತ್ತು. ಗಾಳಿಯಲ್ಲೆಲ್ಲ ಹಸಿ ಜೋಳದ ಸಿಹಿ ವಾಸನೆ. ಹಾಲಿನಾಕೆಯ ಗಂಡ ಒಂದು ಹಿಡಿ ತೆಗೆದು, ಮುಷ್ಟಿಯಲ್ಲಿ ಹಿಂಡಿ, ಬಿಟ್ಟು ನೋಡುತ್ತಿದ್ದ. ನೀರು ತೊಟ್ಟಿಕ್ಕಬಾರದು, ಉಂಡೆ ಪುಡಿಯಾಗಲೂ ಬಾರದು, ಮೆಲ್ಲನೆ ಬಿಚ್ಚಿಕೊಳ್ಳಬೇಕು. ಅವನ ಅಂಗೈಯಲ್ಲಿ ಅದು ನಿದ್ದೆಯಿಂದೇಳುವ ಹಕ್ಕಿಮರಿಯ ಹಾಗೆ ಬಿಚ್ಚಿಕೊಂಡಿತು. ಗುಂಡಿಯೊಳಗೆ ಒಂದು ಗೇಣು ಮೇವು ಬಿದ್ದಿತ್ತು. ಅಂಚಿನಲ್ಲಿ ದಾದಾ, ಮಂಚ, ಕೋಲು. ಸೊಸೆ ಎದುರು ನಿಂತಿದ್ದಳು. ಇಬ್ಬರೂ ಬೆಳಗಿನಿಂದ ಮಾತಾಡಿಲ್ಲ ಎಂಬುದು ನೋಡಿದರೇ ತಿಳಿಯುತ್ತಿತ್ತು.

ನಮ್ಮನ್ನು ಕಂಡು ದಾದಾ ಎದ್ದು ಕೈ ಮುಗಿದರು. "ಬನ್ನಿ ಪಂಡಿತ್‌ಜೀ. ನೀವೇ ಹೇಳಿ ಹೋಗಿ. ನಮ್ಮ ದುಲ್ಹಿನ್ ಗೋಮಾತೆಯ ಅನ್ನದ ಮೇಲೆ ಕುಣಿಯಬೇಕಂತೆ."

"ಕುಣಿಯುವುದಲ್ಲ ಬಾಬೂಜಿ, ತುಳಿಯುವುದು. ಕುಣಿಯಲು ನನಗೆ ಸೊಂಟ ಎಲ್ಲಿದೆ?" ಎಂದಳು ಸೊಸೆ. ಗಂಡ ಯಂತ್ರದ ಕಡೆ ತಿರುಗಿ ನಗು ಮುಚ್ಚಿಕೊಂಡ. ಅವಳ ಕಣ್ಣಲ್ಲಿ ಮಾತ್ರ ನಗುವಿರಲಿಲ್ಲ.

ಮಾವನವರ ಕೈಬೆರಳುಗಳು ಜನಿವಾರದ ಮೇಲೆ ಆಡುತ್ತಿದ್ದವು. ಅಮ್ಮಾರು ನನ್ನ ತೋಳು ಹಿಡಿದು ಕೇಳಿದಳು. "ಏನಂತ್ರೀ ಬಾಯಾರ? ಯಾಕ ಎಲ್ಲಾರೂ ದಿಕ್ಕಿಗೊಂದು ಮಾರಿ ಮಾಡಿ ನಿಂತಾರ?"

ನಾನು ಹೇಳಿದೆ. ಹೋದ ವರ್ಷ ಕೊಳೆತದ್ದು, ಮೂರು ಹಸು ಹೋದದ್ದು, ಈ ಸಲ ತುಳಿಯದಿದ್ದರೆ ಉಳಿದ ಐದೂ ಹೋಗುವುದು, ತುಳಿದರೆ ಪಾಪ ಎಂದು ಮುದುಕರು ಕಾವಲು ಕೂತಿರುವುದು. ಅವಳು ಗುಂಡಿಯೊಳಗೆ ಇಣುಕಿ ನೋಡಿದಳು. ಆಮೇಲೆ ದಾದಾನನ್ನು ನೋಡಿದಳು. ತಮಾಷೆ ಮಾಡುವವಳ ಹಾಗಲ್ಲ, ನೆರೆಹೊಲದವನ ಜೊತೆ ಬದುವಿನ ಮೇಲೆ ನಿಂತು ಮಾತಾಡುವವಳ ಹಾಗೆ.

"ಯಪ್ಪಾ, ನಮ್ಮ ಕಣದಾಗ ಜ್ವಾಳಾ ಯಾರು ತುಳೀತಿದ್ರು? ಎತ್ತಲ್ಲೇನು? ನಮ್ಮವ್ವ, ನಮ್ಮಜ್ಜಿ, ಎಲ್ಲಾರೂ ಎತ್ತು ತುಳಿದಿದ್ದು ಉಂಡಾರ. ನಾನೂ ಸಣ್ಣಾಕಿದ್ದಾಗ ಉಂಡೀನಿ. ಅವು ತಮ್ಮ ಕಾಲಾಗ ತುಳಿದು ನಮಗ ಅನ್ನಾ ಮಾಡಿ ಕೊಟ್ವು. ನಾವು ಕಾಲು ತೊಳಕೊಂಡು ಅವಕ್ಕ ತುಳಿದು ಕೊಟ್ರ ಪಾಪ ಹ್ಯಾಂಗಾಕ್ಕೈತಿ? ತಿರುಗಿ ಕೊಟ್ಟಂಗ ಆತಲ್ಲ?"

ಒಂದು ಶಬ್ದವೂ ದಾದಾನಿಗೆ ಅರ್ಥವಾಗಿರಲಿಲ್ಲ. ಅವರು ಮಾವನವರ ಮುಖ ನೋಡಿದರು. ಮಾವನವರು ಅದನ್ನು ಹಿಂದಿಯಲ್ಲಿ ಹೇಳತೊಡಗಿದರು. ಮಂತ್ರ ಹೇಳುವಾಗ ಎಂದೂ ತಡವರಿಸದವರು ಎರಡು ಕಡೆ ತಡವರಿಸಿದರು. "ಎತ್ತು ತುಳಿದದ್ದನ್ನು ನಾವು ಉಂಡೆವು" ಎಂಬಲ್ಲಿ ದನಿ ಸಣ್ಣದಾಯಿತು. ಇಷ್ಟು ವರ್ಷ ಅನ್ನದ ಅಗಳು ದಾಟಿ ನಡೆದವರಿಗೆ, ಆ ಅಗಳೂ ಒಂದು ಕಾಲಿನ ಕೆಳಗಿಂದಲೇ ಬಂದದ್ದು ಎಂದು ಆಗ ಹೊಳೆಯಿತೇನೋ.

ಯಂತ್ರ ನಿಲ್ಲಿಸಿದ್ದರು. ಕೊಟ್ಟಿಗೆಯಲ್ಲಿ ಒಂದು ಹಸು ಸೀನಿತು. ದಾದಾ ಕೋಲಿನ ಮೇಲೆ ಎರಡೂ ಕೈ ಇಟ್ಟು, ಅದರ ಮೇಲೆ ಗದ್ದ ಇಟ್ಟು ಕುಳಿತರು. ಅವರು ಚಿಕ್ಕಂದಿನಲ್ಲಿ ಕಣದ ಸುತ್ತ ಎತ್ತು ಹೊಡೆದವರು. ಮುಖದ ಮೇಲೆ ಅದೆಲ್ಲ ಹಾದುಹೋಗುವುದನ್ನು ನಾನು ಕಂಡೆ ಎಂದರೆ ಹೆಚ್ಚಾದೀತು. ಕಂಡದ್ದು ಇಷ್ಟೇ: ಅವರ ಬಲಗಾಲಿನ ಹೆಬ್ಬೆರಳು ಮಣ್ಣಿನ ಮೇಲೆ ಒಂದು ಸಣ್ಣ ವೃತ್ತ ಎಳೆಯುತ್ತಿತ್ತು.

"ದುಲ್ಹಿನ್," ಎಂದರು ಕೊನೆಗೆ, "ಲೋಟಾದಲ್ಲಿ ನೀರು ತಾ. ಕಾಲು ತೊಳೆಯಬೇಕು."

ಸೊಸೆ ಓಡಿದಳು. ನಿಜವಾಗಿ ಓಡಿದಳು, ಆ ಸೊಂಟ ಇಟ್ಟುಕೊಂಡು.

ದಾದಾನ ಕಾಲಿಗೆ ಅವಳೇ ನೀರು ಹಾಕಿದಳು. ಅವರು ಮಾವನವರ ಕೈ ಹಿಡಿದರು. "ನೀವೂ ಬನ್ನಿ. ಪಾಪ ಬಂದರೆ ಅರ್ಧ ನಿಮಗೆ." ಮಾವನವರು ಧೋತ್ರ ಮೇಲೆ ಕಟ್ಟಿ ಕಾಲು ತೊಳೆದುಕೊಂಡರು. ಯಾತ್ರಿಕರು ಮುಟ್ಟಿ ನಮಸ್ಕರಿಸುವ ಕಾಲುಗಳು ಏಣಿಯಿಂದ ಹಸಿರಿನ ಮೇಲೆ ಇಳಿದವು. ಮೊದಲ ಹೆಜ್ಜೆಯಲ್ಲಿ ಕಣಕಾಲಿನವರೆಗೂ ಹೂತುಹೋದವು. ಇಬ್ಬರು ಮುದುಕರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಮಕ್ಕಳ ಹಾಗೆ ನಕ್ಕರು.

"ಸುಮ್ಮ ನಡೀಬಾರದು," ಎಂದರು ಮಾವನವರು ನಮ್ಮ ಕಡೆ ತಿರುಗಿ. "ಪ್ರದಕ್ಷಿಣಿ ಹಾಕೋಣ. ಬಲಕ್ಕ."

ಹನ್ನೆರಡು ಹೆಂಗಸರೂ ಇಳಿದರು. ಗೋಡೆಗುಂಟ ಸಾಲು ಕಟ್ಟಿ, ಒಬ್ಬರ ಹಿಂದೆ ಒಬ್ಬರು, ಬಲಕ್ಕೆ. ನಾನು ಅವರ ಹಿಮ್ಮಡಿಗಳನ್ನೇ ನೋಡುತ್ತ ನಿಂತೆ. ಒಡೆದ, ಗಟ್ಟಿಯಾದ, ಅರಿಶಿನ ಹಚ್ಚಿದ ಹಿಮ್ಮಡಿಗಳು. ಒಂದೊಂದು ಊರಿದಾಗಲೂ ಕೆಳಗಿಂದ 'ಉಸ್' ಎಂದು ಒಂದು ಸಣ್ಣ ಉಸಿರು ಬರುತ್ತಿತ್ತು. ಮೇವಿನೊಳಗಿನ ಗಾಳಿ ಹೊರಡುವ ಸದ್ದು ಅದು. ಯಂತ್ರ ಮತ್ತೆ ಶುರುವಾಯಿತು. ಒಂದು ಗೇಣು ಮೇವು ಬೀಳುವುದು, ನಾಲ್ಕು ಸುತ್ತು ನಡೆಯುವುದು, ಅದು ನಾಲ್ಕು ಬೆರಳಾಗುವುದು. ಮತ್ತೆ ಒಂದು ಗೇಣು.

ಹಾಲಿನಾಕೆ ನನ್ನ ಕಿವಿಯಲ್ಲಿ ಹೇಳಿದಳು. "ಫೋನಿನಲ್ಲಿ ಒಂದು ಮಾತು ಹತ್ತು ಸಲ ಹೇಳ್ತಾರೆ ಬಹೂಜಿ. ನಡುವೆ ಎಲ್ಲರೂ ತುಳೀತಾರೆ, ಗೋಡೆಯ ಬದಿ ಬಿಡ್ತಾರೆ, ಕೊಳೆಯೋದು ಅಲ್ಲಿಂದಲೇ ಶುರು. ನಿಮ್ಮ ಪಂಡಿತ್‌ಜೀ ಗೋಡೆಯ ಬದಿಯನ್ನೇ ಹಿಡಿದು ಸುತ್ತಿಸ್ತಿದ್ದಾರೆ ನೋಡಿ!"

ನಾನು ನೋಡಿದೆ. ಪ್ರದಕ್ಷಿಣೆ ಎಂದರೆ ಅಂಚಿನಲ್ಲಿ ನಡೆಯುವುದು. ದೇವರು ನಡುವೆ ಇರುತ್ತಾನೆ ಎಂದು ನಾವು ಅಂಚಿಗೆ ಸರಿಯುತ್ತೇವೆ. ಆ ಅಭ್ಯಾಸವೇ ಅಲ್ಲಿ ಒಂದಿಂಚು ಬಿಡದೆ ಗೋಡೆಯ ಬದಿಯನ್ನು ಒತ್ತುತ್ತಿತ್ತು. ಯಾರೂ ಯೋಚಿಸಿ ಮಾಡಿದ್ದಲ್ಲ. ನಡುವೆ ಉಳಿದ ಜಾಗಕ್ಕೆ ಹಾಲಿನಾಕೆ ಗಂಡನನ್ನೂ ಇಳಿಸಿಕೊಂಡು ತಾನೇ ಇಳಿದಳು.

ಆಮೇಲೆ ನಾನೂ ಇಳಿದೆ. ನನಗೆ ಒಂದು ಮೂಲೆ ಕೊಟ್ಟರು. ಕಾನ್ವೆಂಟಿನ ಪಡಸಾಲೆಯಲ್ಲಿ ಸದ್ದಿಲ್ಲದೆ ನಡೆಯಲು ಸಿಸ್ಟರುಗಳು ಕಲಿಸಿದ ಕಾಲು ನನ್ನದು. ಎಷ್ಟು ಒತ್ತಿದರೂ ಬೆರಳ ತುದಿಯ ಮೇಲೇ ನಿಲ್ಲುತ್ತಿದ್ದೆ. ಅಮ್ಮಾರು ಸುತ್ತು ಬಂದಾಗಲೆಲ್ಲ ಬೈದಳು. "ಏನ್ರೀ ಬಾಯಾರ, ಮಲಗಿದ ಕೂಸಿನ ಬಾಜೂಕ ನಡದಂಗ ನಡೀತೀರಿ! ಹಿಮ್ಮಡ ಊರ್ರಿ, ಹಿಮ್ಮಡ!" ನಾನು ಊರಿದೆ. ಊರಿದೆ ಅಂದುಕೊಂಡೆ.

ಮಧ್ಯಾಹ್ನದ ಹೊತ್ತಿಗೆ ಗುಂಡಿ ನೆಲದ ಮಟ್ಟ ಮುಟ್ಟಿತು. ಸಂಜೆಗೆ ಆಮೆಯ ಬೆನ್ನಿನಂತೆ ಮೇಲೆದ್ದಿತು. ಅಷ್ಟು ದೊಡ್ಡ ಹೊಲ ಇಷ್ಟು ಸಣ್ಣ ಗುಂಡಿಯೊಳಗೆ ಹೋದದ್ದು ಹೇಗೆ ಎಂದು ನಾನು ಖಾಲಿಯಾದ ಹೊಲವನ್ನೂ ಗುಂಡಿಯನ್ನೂ ಮತ್ತೆ ಮತ್ತೆ ನೋಡಿದೆ. ಹೋದ ವರ್ಷ ಇದೇ ಗುಂಡಿ ಅರ್ಧ ಹೊಲಕ್ಕೇ ತುಂಬಿಹೋಗಿತ್ತಂತೆ. ಉಳಿದ ಅರ್ಧ ಗಾಳಿಯಾಗಿತ್ತು. ದಪ್ಪ ಪ್ಲಾಸ್ಟಿಕ್ ಹೊದಿಸಿ, ಅಂಚಿಗೆಲ್ಲ ಹಸಿಮಣ್ಣು ಮೆತ್ತಿ, ಮೇಲೆ ಮರಳಿನ ಚೀಲ ಹೇರಿದರು. ಹೆಂಗಸರು ಐದೂ ಹಸುಗಳಿಗೆ ಗೋಗ್ರಾಸ ಕೊಟ್ಟು, ನೋಯುವ ಕಾಲು ಒತ್ತಿಕೊಳ್ಳುತ್ತ ಟೋಟೋ ಹತ್ತಿದರು.

ಮೂರನೆಯ ದಿನ ಹಾಲಿನಾಕೆ ಬಂದು, ಹೊದಿಕೆ ಒಂದು ಕಡೆ ಬಸುರಿಯ ಹೊಟ್ಟೆಯಂತೆ ಉಬ್ಬಿದೆ ಎಂದಳು. ಒಳಗೆ ಹುಳಿಯುವ ಮೇವು ತನ್ನದೇ ಆವಿ ಬಿಡುತ್ತದಂತೆ. ಅದಿರುವಷ್ಟು ದಿನ ಹೊರಗಿನ ಗಾಳಿಗೆ ಒಳಗೆ ಜಾಗವಿಲ್ಲ. ದಾದಾ ಚುಚ್ಚಿ ನೋಡೋಣ ಎಂದರಂತೆ. "ಈಗ ಕೋಲು ನನ್ನ ಕೈಯಲ್ಲಿದೆ ಬಹೂಜಿ," ಎಂದಳು. ವಾರ ಕಳೆದ ಮೇಲೆ ಉಬ್ಬು ತಾನಾಗಿ ಇಳಿಯಿತು.

ಚಳಿಗಾಲ ಹೋಯಿತು. ಹೋಳಿ ಕಳೆದ ವಾರ ಅವಳು ನನ್ನನ್ನು ಕರೆಯಲು ಬಂದಳು. ಮಾವನವರಿಗೆ ಆ ದಿನ ಘಾಟಿನಲ್ಲಿ ಕೆಲಸವಿತ್ತು, ನಾನೊಬ್ಬಳೇ ಹೋದೆ. ಅಂಗಳದಲ್ಲಿ ಮಿರ್ಜಾಪುರದ ವ್ಯಾಪಾರಿ ಆಗಲೇ ಬಂದು ಮಂಚದ ಮೇಲೆ ಕುಳಿತಿದ್ದ. ಗಾಡಿ ಹೊರಗೆ ನಿಂತಿತ್ತು. ಅವನು ಕೆಟ್ಟವನೇನಲ್ಲ, ಹಸುಗಳ ಬೆನ್ನು ಸವರಿ ಮಾತಾಡಿಸುವವನು. ಆದರೂ ಅವನ ಗಾಡಿಯ ಹಿಂದಿನ ಹಲಗೆ ಬಿಚ್ಚಿ ಒರಗಿಸಿದ್ದನ್ನು ನೋಡಿ ನಾನು ಹಸುಗಳನ್ನು ಎಣಿಸಿಕೊಂಡೆ.

ಹಾಲಿನಾಕೆಯ ಗಂಡ ಗುಂಡಿಯ ಒಂದು ತುದಿಯ ಮಣ್ಣು ಸರಿಸಿ, ಹೊದಿಕೆಯನ್ನು ಒಂದು ಮೊಳದಷ್ಟು ಮಾತ್ರ ಮಡಚಿದ. ಮೊದಲು ಬಂದದ್ದು ವಾಸನೆ. ಹುಳಿ, ಸಿಹಿ, ಸ್ವಲ್ಪ ಹಣ್ಣಿನದು, ಹಿಟ್ಟು ಹುದುಗಿದ ಬೆಳಗಿನ ಅಡುಗೆಮನೆಯದು. ಅವನು ಸಲಿಕೆ ಊರಿದ. ಸಲಿಕೆ ಇಳಿಯಲಿಲ್ಲ. ಕಾಲಿಟ್ಟು ಒತ್ತಿದ. ಆಗ ಒಂದು ತುಂಡು ಹೋಳಿಗೆಯ ಹೂರಣದ ಹಾಗೆ ಅಂಚು ಹಿಡಿದು ಕಳಚಿಕೊಂಡಿತು. ಬಣ್ಣ ಹೊಂಬಣ್ಣ ಬೆರೆತ ಹಸಿರು. ಅದರೊಳಗೆ ಜೋಳದ ಕಾಳುಗಳು ಇಟ್ಟ ಹಾಗೇ ಇದ್ದವು. ಅವನು ಸೊಂಟದಾಳ ಕಡಿದು ಇಳಿದಾಗ ಎದುರಿಗೆ ಮೇವಿನದೇ ಒಂದು ಗೋಡೆ ನಿಂತಿತು.

"ಕೈ ಹಾಕಿ ನೋಡಿ," ಎಂದಳು ಹಾಲಿನಾಕೆ.

ನಾನು ಇಳಿದು, ಕಡಿದ ಗೋಡೆಗೆ ಬೆರಳು ಒತ್ತಿದೆ. ಬೆರಳು ಒಳಗೆ ಹೋಗಲಿಲ್ಲ. ಅದು ತಣ್ಣಗಿತ್ತು. ಬಾವಿಯ ಕಲ್ಲಿನಷ್ಟು ತಣ್ಣಗೆ. ಹೊರಗೆ ಬಿಸಿಲು ಸುಡುತ್ತಿತ್ತು. ಐದು ತಿಂಗಳ ಹಿಂದಿನ ಕಾರ್ತಿಕದ ಬೆಳಗು ಈ ಗೋಡೆಯೊಳಗೆ ಹಾಗೇ ನಿಂತಿತ್ತು, ಒಂದು ಉಸಿರಿನಷ್ಟೂ ಕೆಡದೆ. ನನ್ನ ಜೀವಮಾನದಲ್ಲಿ ದೊಡ್ಡ ದೊಡ್ಡ ದೇವಾಲಯ ನೋಡಿದ್ದೇನೆ, ಗಂಗೆಯ ಮಹಾಪೂರ ನೋಡಿದ್ದೇನೆ. ಆದರೆ ಆ ಗೋಡೆಗೆ ಅಂಗೈ ಒತ್ತಿ ನಿಂತಾಗ ಆದಂಥ ಬೆರಗು ನನಗೆ ಹೆಚ್ಚು ಸಲ ಆಗಿಲ್ಲ.

"ಒಂದು ಮೂಲೆ ಹೋಗಿದೆ," ಎಂದ ಗಂಡ. ಎಡಗಡೆಯ ಮೂಲೆಯಲ್ಲಿ ಅಂಗೈಯಗಲ ಬಿಳಿ ಬೂಷ್ಟು.

ಹಾಲಿನಾಕೆ ಬಗ್ಗಿ ನೋಡಿ, ತಲೆಯೆತ್ತಿ ನನ್ನನ್ನು ನೋಡಿದಳು. ಅವಳ ಮುಖದಲ್ಲಿ ನಗು ಮೊದಲು ಬಂತೋ ಕಣ್ಣೀರು ಮೊದಲು ಬಂತೋ ಹೇಳಲಾರೆ.

"ಬಹೂಜಿ, ಇದು ನಿಮ್ಮ ಮೂಲೆ!"

ಎಲ್ಲರೂ ನಕ್ಕರು. ವ್ಯಾಪಾರಿಯೂ. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಅವಳು ಬೂಷ್ಟನ್ನು ಕೆರೆದು ದೂರ ಎಸೆದಳು.

ಮೇವನ್ನು ಮೊದಲು ಕಂದು ಹಸುವಿಗೆ ಕೊಡಬೇಕು ಎಂದರು ದಾದಾ. ಐದರಲ್ಲಿ ಅದೇ ಹಟಮಾರಿ. ಹಿಂದಿನ ವರ್ಷದ ಕಪ್ಪು ಮೇವನ್ನು ಮೂಸಿಯೂ ನೋಡದೆ ತಿರುಗಿ ನಿಂತಿದ್ದೂ ಅದೇ. ಬುಟ್ಟಿ ಹೊತ್ತು ಹೋದವರು ದಾದಾ. ಹಸು ಮೂಗು ಚಾಚಿತು. ಒಂದು ಸಲ ಉಸಿರು ಬಿಟ್ಟಿತು, ಮೇಲಿನ ಎಲೆ ಹಾರಿತು. ಹಿಂದಕ್ಕೆ ಸರಿಯಿತು. ಹಾಲಿನಾಕೆ ನನ್ನ ಮಣಿಕಟ್ಟು ಹಿಡಿದಳು, ಬಳೆ ಒಡೆಯುವಷ್ಟು ಗಟ್ಟಿಯಾಗಿ. ಹಸು ಮತ್ತೆ ಮೂಗು ಚಾಚಿ, ಬುಟ್ಟಿಯೊಳಗೆ ಮುಖ ಹುದುಗಿಸಿತು. ಆಮೇಲೆ ಎತ್ತಲೇ ಇಲ್ಲ. ಹಲ್ಲುಗಳ ಅಡಿಯಲ್ಲಿ ಕಾಳು ನುರಿಯುವ ಸದ್ದು ಮಾತ್ರ ಕೇಳುತ್ತಿತ್ತು. ಉಳಿದ ನಾಲ್ಕೂ ಹಗ್ಗ ಜಗ್ಗಿ ಕೂಗತೊಡಗಿದವು.

ವ್ಯಾಪಾರಿ ಚಹಾದ ಮಣ್ಣಿನ ಕುಲ್ಹಡ್ ಕೆಳಗಿಟ್ಟ. "ಹಾಗಾದರೆ ನಾನು ಹೊರಡಲೇ, ಭಾಭಿ?"

"ಇನ್ನೊಂದು ಚಹಾ ಕುಡಿದು ಹೋಗಿ ಭೈಯಾ," ಎಂದಳು ಅವಳು. "ಮುಂದಿನ ವರ್ಷ ಹೋಳಿ ಹಬ್ಬಕ್ಕೆ ಬನ್ನಿ, ಬಣ್ಣ ಹಾಕ್ತೇವೆ. ಗಾಡಿ ಮಾತ್ರ ಮನೆಯಲ್ಲೇ ಬಿಟ್ಟು ಬನ್ನಿ."

ಗಂಡ ಸಲಿಕೆ ಕೆಳಗಿಟ್ಟ. ಹೊರಗೆ ಹೋಗಿ, ಒರಗಿಸಿದ್ದ ಹಲಗೆಯನ್ನು ತಾನೇ ಎತ್ತಿ ವ್ಯಾಪಾರಿಯ ಗಾಡಿಗೆ ಹಾಕಿ, ಕೊಂಡಿ ಬಿಗಿದು ಬಂದ.

ನಾನು ಮತ್ತೆ ಗುಂಡಿಯ ಹತ್ತಿರ ಹೋಗಿ ಆ ತಣ್ಣನೆಯ ಗೋಡೆಗೆ ಕೈಯಿಟ್ಟು ನಿಂತಿದ್ದೆ. ಎಷ್ಟು ಹೊತ್ತೋ. ಹಾಲಿನಾಕೆ ಹಿಂದಿನಿಂದ ಬಂದು, ಮಡಚಿದ್ದ ಹೊದಿಕೆಯ ಅಂಚು ಹಿಡಿದು ಜಗ್ಗಿದಳು.

"ಸಾಕು, ಕೈ ತೆಗೀರಿ ಬಹೂಜಿ. ಒಳಗೆ ಗಾಳಿ ಹೋಗುತ್ತೆ."